ಇಂಗ್ಲಿಷಿನ ‘ಕೆ ಎನ್’ ಪದಗಳು: ಓದದ ಕೆ ಯಾಕೆ ಬರೀಬೇಕು ಅಂತ ಮಗಳು ಕೇಳುತ್ತಾಳೆ

ಪೆರ್ಲದ ಅಮ್ಮ

ಎಲ್ಲರಿಗೂ ನಮಸ್ಕಾರ. ನಾವು ಕಾಸರಗೋಡಿನ ಪೆರ್ಲದ ಹತ್ತಿರದವರು. ಮಗಳು ಏಳನೇ ಕ್ಲಾಸು, ಕನ್ನಡ ಮೀಡಿಯಂ. ಈ ಸಲ ಯುಎಸ್‌ಎಸ್ ಸ್ಕಾಲರ್‌ಶಿಪ್ ಪರೀಕ್ಷೆಗೆ ಓದುತ್ತಿದ್ದಾಳೆ.

ಮೊನ್ನೆ ಟೀಚರ್ ಒಂದು ಪಟ್ಟಿ ಬರೆಸಿ ಕಳಿಸಿದ್ದಾರೆ. ಎಲ್ಲವೂ ಕೆ, ಎನ್ ಎರಡು ಅಕ್ಷರದಿಂದ ಶುರುವಾಗುವ ಪದಗಳು. ನೈಫ್, ನೀ, ನೀಲ್, ನಾಟ್, ನಾಕ್, ನಿಟ್, ನೋ, ನೈಟ್, ನಕಲ್, ನಾಬ್, ನೀಡ್, ನ್ಯಾಕ್, ನೆಲ್, ನೋಲ್, ನೇವ್. ಒಟ್ಟು 15. ಅರ್ಥ ಬರೆದು ಸ್ಪೆಲ್ಲಿಂಗ್ ಕಲಿತು ಬರಬೇಕು. ಅವಳು ಬರೆಯುತ್ತಾ ಬರೆಯುತ್ತಾ ಪೆನ್ಸಿಲ್ ಇಟ್ಟು ಕೇಳಿದಳು, “ಅಮ್ಮಾ, ಕೆ ಓದುವುದೇ ಇಲ್ಲ ಅಂದ್ರೆ ಬರೆಯುವುದು ಯಾಕೆ?” ನಾನು ಸುಮ್ನೆ “ಇಂಗ್ಲಿಷ್ ಹಾಗೇ ಮಗಾ, ಬಾಯಿಪಾಠ ಮಾಡು” ಅಂದುಬಿಟ್ಟೆ. ಅವಳ ಮುಖ ಸಣ್ಣದಾಯಿತು. ನನಗೂ ಬೇಜಾರಾಯಿತು, ಯಾಕಂದ್ರೆ ಇದೇ ಪ್ರಶ್ನೆ ನಾನು ಅವಳ ಪ್ರಾಯದಲ್ಲಿ ಕೇಳಿದ್ದೆ, ನನಗೆ ಸಿಕ್ಕಿದ್ದೂ ಇದೇ ಉತ್ತರ.

ಇನ್ನೊಂದು ಹೇಳುತ್ತೇನೆ. ಡಿಗ್ರಿ ಮುಗಿಸಿ ಮಂಗಳೂರಿನಲ್ಲಿ ಒಂದು ಕಡೆ ಕೆಲಸಕ್ಕೆ ಇಂಟರ್ವ್ಯೂಗೆ ಹೋಗಿದ್ದೆ. ಒಂದು ಹಾಳೆ ಕೊಟ್ಟು ಓದಲು ಹೇಳಿದರು. ಅದರಲ್ಲಿ ನಾಲೆಡ್ಜ್ ಅಂತ ಇತ್ತು, ನಾನು ‘ಕ್ನೋಲೆಡ್ಜ್’ ಅಂತ ಓದಿದೆ. ಎದುರು ಕೂತಿದ್ದ ಇಬ್ಬರೂ ನಕ್ಕರು. ಆ ನಗು ಇವತ್ತಿಗೂ ಮರೆತಿಲ್ಲ. ಆಮೇಲೆ ಎಷ್ಟೋ ವರ್ಷ ನಾಲ್ಕು ಜನರ ಎದುರು ಇಂಗ್ಲಿಷ್ ಓದಲೇ ಇಲ್ಲ. ಮಗಳಿಗೆ ಹಾಗೆ ಆಗಬಾರದು.

ಈ ಕೆ ಯಾಕೆ ಬಂತು, ಅದಕ್ಕೊಂದು ಕಾರಣ ಅಂತ ಇದೆಯಾ? ಮತ್ತೆ ಈ ಪದಗಳ ಅರ್ಥ ಮಕ್ಕಳಿಗೆ ನೆನಪಲ್ಲಿ ಉಳಿಯುವ ಹಾಗೆ ಹೇಗೆ ಹೇಳಿಕೊಡುವುದು? ನೆಲ್, ನೋಲ್, ನೇವ್ ಅಂದ್ರೆ ಏನು ಅಂತ ನನಗೇ ಸರಿಯಾಗಿ ಗೊತ್ತಿಲ್ಲ. ತಿಳಿದವರು ದಯವಿಟ್ಟು ಬರೆಯಿರಿ.

ಕುಂಬಳೆ ಮಾಷ್ಟ್ರು

ತಂಗೀ, ಮೊದಲು ನಿಮ್ಮ ಮಗಳಿಗೆ ಹೇಳಿ, ಅವಳು ಕೇಳಿದ ಪ್ರಶ್ನೆ ಬಹಳ ಒಳ್ಳೆಯ ಪ್ರಶ್ನೆ. ನಾನು ಮೂವತ್ತು ವರ್ಷ ಇಂಗ್ಲಿಷ್ ಪಾಠ ಮಾಡಿದವ, ಈಗ ರಿಟೈರ್ ಆಗಿ ಮನೆಯಲ್ಲಿದ್ದೇನೆ. ಈ ಪ್ರಶ್ನೆ ಕೇಳಿದ ಮಕ್ಕಳು ಕಡಿಮೆ. ಕೇಳಿದವರನ್ನು ಗದರಿಸಿ ಕೂರಿಸಿದ ದೊಡ್ಡವರು ಜಾಸ್ತಿ.

ಇನ್ನೊಂದು ಮಾತು. ನೀವು ಇಂಟರ್ವ್ಯೂನಲ್ಲಿ ‘ಕ್ನೋಲೆಡ್ಜ್’ ಅಂತ ಓದಿದಿರಲ್ಲ, ಏಳುನೂರು ವರ್ಷದ ಹಿಂದೆ ಇಂಗ್ಲೆಂಡಿನಲ್ಲಿ ಇದ್ದವರು ಆ ಪದವನ್ನು ಕೆ ಸೇರಿಸಿಯೇ ಹೇಳುತ್ತಿದ್ದರು. ನಿಮ್ಮ ತಪ್ಪು ಅಂದ್ರೆ ಕಾಲದ ತಪ್ಪು ಮಾತ್ರ.

ಆ ಕೆ ಸುಮ್ನೆ ಕೂತ ಅಕ್ಷರ ಅಲ್ಲ. ಒಂದು ಕಾಲದಲ್ಲಿ ಬಾಯಲ್ಲಿ ಇದ್ದದ್ದು. ಹಳೆಯ ಇಂಗ್ಲಿಷಿನಲ್ಲಿ ಮೊಣಕಾಲಿಗೆ ‘ಕ್ನೇಓ’, ಹುಡುಗನಿಗೆ ‘ಕ್ನಿಹ್ಟ್’, ಗಂಟಿಗೆ ‘ಕ್ನೊಟ್ಟ’ ಅನ್ನುತ್ತಿದ್ದರು. ಆಗ ಬರೆಯುತ್ತಿದ್ದದ್ದು ಸಿ ಎನ್ ಅಂತ. 1066ರಲ್ಲಿ ನಾರ್ಮನರು ಇಂಗ್ಲೆಂಡನ್ನು ಗೆದ್ದ ಮೇಲೆ ಬರವಣಿಗೆಯ ಕ್ರಮ ನಿಧಾನಕ್ಕೆ ಬದಲಾಯಿತು, ಸಿ ಇದ್ದ ಕಡೆ ಕೆ ಬಂತು. ಓದುವುದು ಮಾತ್ರ ಎರಡೂ ಅಕ್ಷರ ಸೇರಿಸಿಯೇ. 1476ರಲ್ಲಿ ವಿಲಿಯಂ ಕ್ಯಾಕ್ಸ್‌ಟನ್ ಎಂಬವರು ಇಂಗ್ಲೆಂಡಿಗೆ ಅಚ್ಚಿನ ಯಂತ್ರ ತಂದರು. ಪುಸ್ತಕ ಅಚ್ಚಾಗಲು ಶುರುವಾದ ಮೇಲೆ ಸ್ಪೆಲ್ಲಿಂಗ್ ಮೆಲ್ಲ ಮೆಲ್ಲ ಗಟ್ಟಿಯಾಗುತ್ತಾ ಹೋಯಿತು. ಬಾಯಿಯ ಮಾತು ಗಟ್ಟಿಯಾಗಲಿಲ್ಲ, ಅದು ಹರಿಯುತ್ತಲೇ ಇತ್ತು. 1600ರ ನಂತರದ ನೂರು ವರ್ಷಗಳಲ್ಲಿ ಕೆ ಶಬ್ದ ಸವೆದು ಬಿದ್ದುಹೋಯಿತು. 1755ರಲ್ಲಿ ಸ್ಯಾಮ್ಯುಯೆಲ್ ಜಾನ್ಸನ್ ದೊಡ್ಡ ಡಿಕ್ಷನರಿ ಮಾಡುವಾಗ ಬಾಯಲ್ಲಿ ಕೆ ಇರಲಿಲ್ಲ, ಕಾಗದದಲ್ಲಿ ಇತ್ತು. ಹಾಗೇ ಉಳಿಯಿತು.

ಈಗ ಮಗಳ ಎರಡನೇ ಸಂಶಯಕ್ಕೆ ಬರುತ್ತೇನೆ, ನೀವು ಬರೆಯದಿದ್ದರೂ ಅವಳಿಗೆ ಇದ್ದೇ ಇರುತ್ತದೆ: ನಮ್ಮ ಕನ್ನಡದಲ್ಲಿ ಹೀಗಿಲ್ಲವಲ್ಲ? ಇದೆ. ಅವಳ ಕೈಯಲ್ಲಿ ‘ಜ್ಞಾನ’ ಅಂತ ಬರೆಸಿ. ಜ ಬರೆದು ಅದರ ಅಡಿಯಲ್ಲಿ ಞ ಒತ್ತು. ಈಗ ಓದಲು ಹೇಳಿ. ‘ಗ್ಯಾನ’ ಅಥವಾ ‘ಗ್ನಾನ’ ಅಂತ ಓದುತ್ತಾಳೆ. ಜ ಎಲ್ಲಿ ಹೋಯಿತು? ನಮ್ಮ ಊರಿನ ಮಕ್ಕಳಿಗೆ ಇನ್ನೂ ಒಂದು ಸೌಕರ್ಯ ಇದೆ, ಮಲಯಾಳ ಕಿವಿಯ ಮೇಲೆ ಬಿದ್ದೇ ಇರುತ್ತದೆ. ಮಲಯಾಳದಲ್ಲೂ ಬರೆಯುವುದು ಜ ಸೇರಿಸಿ. ಹೇಳುವುದು ‘ಞಾನಂ’. ಮುಂದಿನ ಜ ಪೂರ್ತಿ ಮಾಯ. ತಮಿಳರು ಇನ್ನೂ ಮುಂದೆ ಹೋಗಿ ಬರೆಯುವಾಗಲೇ ಅದನ್ನು ಬಿಟ್ಟಿದ್ದಾರೆ, ಅವರಿಗೆ ಬರವಣಿಗೆಯಲ್ಲೂ ‘ಞಾನಂ’.

ಇನ್ನು ನಿಜವಾದ ಆಶ್ಚರ್ಯ. ಇಂಗ್ಲಿಷಿನ ನೋ, ಅಂದ್ರೆ ತಿಳಿ ಅನ್ನುವ ಪದ, ಮತ್ತು ಸಂಸ್ಕೃತದ ಜ್ಞಾ, ಇವೆರಡೂ ಒಂದೇ ಬೇರಿನವು. ಸಂಸ್ಕೃತದಲ್ಲಿ ಜ್ಞಾ, ಗ್ರೀಕ್ ಮತ್ತು ಲ್ಯಾಟಿನ್‌ನಲ್ಲಿ ‘ಗ್ನೋ’, ಇಂಗ್ಲಿಷಿನಲ್ಲಿ ‘ಕ್ನೋ’. ಡಾಕ್ಟರ್ ಮಾಡುವ ಡಯಾಗ್ನೋಸಿಸ್‌ನಲ್ಲಿ, ಗುರುತು ಹಿಡಿಯುವ ರೆಕಗ್ನೈಸ್‌ನಲ್ಲಿ, ತಿಳಿಯದ ಇಗ್ನೊರೆಂಟ್‌ನಲ್ಲಿ ಕುಳಿತಿರುವುದು ಅದೇ ‘ಗ್ನೋ’. ಸಂಸ್ಕೃತದ ಜ ಇದ್ದ ಕಡೆ ಲ್ಯಾಟಿನ್‌ನಲ್ಲಿ ಗ, ಇಂಗ್ಲಿಷಿನಲ್ಲಿ ಕ ಬರುವುದಕ್ಕೆ ಒಂದು ಕ್ರಮವೇ ಇದೆ. ಮೊಣಕಾಲು ನೋಡಿ: ಸಂಸ್ಕೃತದಲ್ಲಿ ಜಾನು, ಲ್ಯಾಟಿನ್‌ನಲ್ಲಿ ಗೆನು, ಇಂಗ್ಲಿಷಿನಲ್ಲಿ ‘ಕ್ನೀ’. ಆಜಾನುಬಾಹು ಅಂತ ಯಕ್ಷಗಾನದಲ್ಲಿ ಕೇಳಿರುತ್ತೀರಲ್ಲ, ಮೊಣಕಾಲಿನ ತನಕ ಕೈ ಉದ್ದ ಇರುವವನು ಅಂತ. ಆ ಜಾನುವೂ ನಿಮ್ಮ ಮಗಳ ಪಟ್ಟಿಯ ನೀಯೂ ನೆಂಟರು. ಜನ ಅನ್ನುವುದಕ್ಕೆ ಇಂಗ್ಲಿಷಿನ ಕಿನ್, ಅಂದ್ರೆ ಬಂಧುಗಳು, ಹಾಗೇ ನೆಂಟ. ಇಂಗ್ಲಿಷಿನ ಕಡೆಯ ಈ ಬದಲಾವಣೆಯ ಕ್ರಮವನ್ನು 1822ರಲ್ಲಿ ಯಾಕೋಬ್ ಗ್ರಿಮ್ ಎಂಬ ಜರ್ಮನ್ ಪಂಡಿತರು ವಿವರಿಸಿ ಬರೆದರು.

ಹಾಗಾಗಿ ಕೆ ಅನ್ನು ಯಾರೋ ತೆಗೆದುಹಾಕಿದ್ದರೆ ಈ ನೆಂಟಸ್ತಿಕೆ ನಮಗೆ ಕಾಣುತ್ತಿರಲಿಲ್ಲ.

ಬದಿಯಡ್ಕದ ಪಿಎಸ್‌ಸಿ ಹುಡುಗ

ಅಕ್ಕಾ, ಮಾಷ್ಟ್ರು ಕಾರಣ ಹೇಳಿದರು. ನಾನು ನೆನಪಿಡುವ ದಾರಿ ಹೇಳುತ್ತೇನೆ. ಪಿಎಸ್‌ಸಿಗೆ ಓದುತ್ತಿರುವವ ನಾನು, ಇಂಗ್ಲಿಷ್ ಭಾಗದಲ್ಲಿ ಸ್ಪೆಲ್ಲಿಂಗ್ ತಪ್ಪಿ ಮಾರ್ಕು ಕಳಕೊಂಡಿದ್ದೇನೆ, ಹಾಗಾಗಿ ಈ ಪಟ್ಟಿಯ ಹಿಂದೆ ಬಹಳ ದಿನ ಬಿದ್ದಿದ್ದೆ.

ಅಕಾರಾದಿ ಕ್ರಮದಲ್ಲಿ ಕಲಿಯಲು ಬಿಡಬೇಡಿ. ಮೈಯಿಂದ ಶುರು ಮಾಡಿಸಿ. ನೀ ಮೊಣಕಾಲು. ನೀಲ್ ಅಂದ್ರೆ ಅದೇ ಮೊಣಕಾಲೂರಿ ಕೂರುವುದು. ನಕಲ್ ಬೆರಳಿನ ಗೆಣ್ಣು. ಕೈ ಮಡಚಿದರೆ ಗೆಣ್ಣು ಎದ್ದು ಕಾಣುತ್ತದೆ, ಆ ಗೆಣ್ಣಿನಿಂದಲೇ ಬಾಗಿಲು ಬಡಿಯುವುದು, ಅದು ನಾಕ್. ಬಾಗಿಲಿನ ಗುಂಡನೆಯ ಹಿಡಿ ನಾಬ್, ಗ್ಯಾಸ್ ಒಲೆಯಲ್ಲಿ ತಿರುಗಿಸುವುದೂ ನಾಬ್. ಬಾಗಿಲು ತೆರೆದು ಅಡಿಗೆಮನೆಗೆ ಹೋದರೆ ಪೀಶಕತ್ತಿ ನೈಫ್. ಚಪಾತಿ ಹಿಟ್ಟು ನಾದುವುದು ನೀಡ್. ನಾದು, ನೀಡ್, ಎರಡೂ ನಕಾರ, ಮರೆಯುವುದೇ ಇಲ್ಲ. ನೂಲು ಹೆಣೆಯುವುದು ನಿಟ್, ಹಗ್ಗದ ಗಂಟು ನಾಟ್, ಇವೆರಡೂ ಹಳೆಯ ಇಂಗ್ಲಿಷಿನಲ್ಲಿ ಒಂದೇ ಮನೆಯವು, ನಿಟ್ ಅಂದ್ರೆ ಮೊದಲಿಗೆ ಗಂಟು ಹಾಕುವುದು ಅಂತಲೇ ಇತ್ತು. ನ್ಯಾಕ್ ಅಂದ್ರೆ ಕೈಚಳಕ. ನಮ್ಮ ಅಜ್ಜಿ ಮಾತಾಡುತ್ತಾ ಮಾತಾಡುತ್ತಾ ಕಣ್ಣು ಬೇರೆ ಕಡೆ ಇಟ್ಟುಕೊಂಡೇ ಅಡಿಕೆ ಸುಲಿಯುತ್ತಾರೆ, ಬೆರಳಿಗೆ ಒಮ್ಮೆಯೂ ತಾಗಿಸಿಕೊಂಡದ್ದಿಲ್ಲ. ಅದು ನ್ಯಾಕ್.

ನೋಲ್ ಅಂದ್ರೆ ಸಣ್ಣ ದಿಣ್ಣೆ, ಗುಡ್ಡೆಯಷ್ಟು ದೊಡ್ಡದಲ್ಲ. ನೆಲ್ ಅಂದ್ರೆ ಯಾರಾದರೂ ತೀರಿಕೊಂಡಾಗ ಇಗರ್ಜಿಯಲ್ಲಿ ನಿಧಾನಕ್ಕೆ ಹೊಡೆಯುವ ಗಂಟೆ. ಬೇಳದ ಕಡೆಯವರಿಗೆ ಹೇಳಬೇಕಾಗಿಲ್ಲ, ಕೇಳಿ ಗೊತ್ತಿರುತ್ತದೆ.

ಇನ್ನು ನಮ್ಮ ಕಾಸರಗೋಡಿನವರಿಗೆ ಮಾತ್ರ ಸಿಗುವ ಒಂದು ಉಪಾಯ. ಮಲಯಾಳದಲ್ಲಿ ಮೊಣಕಾಲಿಗೆ ‘ಮುಟ್ಟು’ ಅನ್ನುತ್ತಾರೆ. ಬಾಗಿಲು ಬಡಿಯುವುದಕ್ಕೂ ‘ವಾದಿಲಿಲ್ ಮುಟ್ಟಿ’ ಅನ್ನುತ್ತಾರೆ. ನೀ ಕೂಡ ಮುಟ್ಟು, ನಾಕ್ ಕೂಡ ಮುಟ್ಟು, ಎರಡಕ್ಕೂ ಕೆ ಉಂಟು. ನನ್ನ ತಂಗಿಗೆ ಇದನ್ನು ಹೇಳಿಕೊಟ್ಟ ಮೇಲೆ ಅವಳು ಈ ಎರಡರಲ್ಲಿ ಕೆ ಬಿಟ್ಟದ್ದೇ ಇಲ್ಲ.

ಮತ್ತೆ ಪರೀಕ್ಷೆಯಲ್ಲಿ ಸಿಕ್ಕಿಸುವುದು ಒಂದೇ ಥರ ಕೇಳುವ ಜೋಡಿಗಳಲ್ಲಿ. ಕೆ ಇದ್ದರೆ ನೋ ಅಂದ್ರೆ ತಿಳಿ, ಕೆ ಇಲ್ಲದೆ ನೋ ಅಂದ್ರೆ ಇಲ್ಲ (ಇದರಲ್ಲಿ ಕೊನೆಯ ಡಬ್ಲ್ಯೂ ಕೂಡ ಹೋಗುತ್ತದೆ). ಕೆ ಇದ್ದರೆ ನೈಟ್ ಕುದುರೆ ಸವಾರ ವೀರ, ಕೆ ಇಲ್ಲದಿದ್ದರೆ ರಾತ್ರಿ. ಕೆ ಇದ್ದರೆ ನಾಟ್ ಗಂಟು, ಇಲ್ಲದಿದ್ದರೆ ಅಲ್ಲ ಅಂತ. ನಿಟ್‌ನಲ್ಲಿ ಕೆ ಬಿಟ್ಟರೆ ಹೆಣೆಯುವುದು ಹೋಗಿ ತಲೆಯ ಸೀರು ಆಗುತ್ತದೆ, ಹೇನಿನ ಮೊಟ್ಟೆ. ಅಂದ್ರೆ ಬಾಯಲ್ಲಿ ಕೆಲಸ ಮಾಡದ ಕೆ ಕಣ್ಣಿಗೆ ಕೆಲಸ ಮಾಡುತ್ತಿದೆ, ಅಲ್ವಾ ಮಾಷ್ಟ್ರೇ?

ಉಪ್ಪಳ ಪೇಟೆ

ಇದಕ್ಕೆಲ್ಲ ಇಷ್ಟು ಉದ್ದ ಬೇಕಾ? ಜ್ಞಾನದಿಂದ ನೋ ಬಂತು, ಜಾನುವಿನಿಂದ ನೀ ಬಂತು, ಇಂಗ್ಲಿಷ್ ಸಂಸ್ಕೃತದಿಂದ ಹುಟ್ಟಿದ್ದು ಅಂತ ಒಂದೇ ಸಾಲಿನಲ್ಲಿ ಹೇಳಿದರೆ ಮುಗಿಯಿತು. ಮಗು ಏಳನೇ ಕ್ಲಾಸು. ಪರೀಕ್ಷೆಗೆ ಬೇಕಾದದ್ದು ಸ್ಪೆಲ್ಲಿಂಗ್. ದಿನಕ್ಕೆ ಐದು ಪದ ಹತ್ತು ಸಲ ಬರೆಸಿ ಅಕ್ಕಾ, ತನ್ನಿಂದ ತಾನೇ ಬರುತ್ತದೆ.

ಕುಂಬಳೆ ಮಾಷ್ಟ್ರು

ಬರೆದು ಅಭ್ಯಾಸ ಮಾಡುವುದು ಬೇಡ ಅಂತ ನಾನೂ ಹೇಳುವುದಿಲ್ಲ, ಕೈಗೆ ಕಲಿಸಲೇಬೇಕು. ಆದರೆ ಇಂಗ್ಲಿಷ್ ಸಂಸ್ಕೃತದಿಂದ ಹುಟ್ಟಿದ್ದು ಅನ್ನುವುದು ತಪ್ಪು, ಮಗುವಿಗೆ ಅದನ್ನು ಕಲಿಸಬೇಡಿ. ಅವು ಅಮ್ಮ ಮಗಳು ಅಲ್ಲ. ದೂರದ ಅಕ್ಕ ತಂಗಿಯರು. ಇಬ್ಬರಿಗೂ ಮೂಲವಾದ ಒಂದು ಹಳೆಯ ಭಾಷೆ ಇತ್ತು, ಅದರ ಬರಹ ಯಾವುದೂ ಸಿಕ್ಕಿಲ್ಲ. ಕಲ್ಕತ್ತದಲ್ಲಿ ಜಡ್ಜ್ ಆಗಿದ್ದ ವಿಲಿಯಂ ಜೋನ್ಸ್ 1786ರಲ್ಲಿ ಹೇಳಿದ್ದೂ ಇದನ್ನೇ: ಸಂಸ್ಕೃತ, ಗ್ರೀಕ್, ಲ್ಯಾಟಿನ್ ಈ ಮೂರೂ ಒಂದೇ ಮೂಲದಿಂದ ಬಂದಿರಬೇಕು, ಆ ಮೂಲ ಈಗ ಇಲ್ಲದಿರಬಹುದು ಅಂತ.

ನಮ್ಮ ಕನ್ನಡ, ತುಳು, ಮಲಯಾಳ, ತಮಿಳು ಈ ಕುಟುಂಬಕ್ಕೆ ಸೇರಿದ್ದಲ್ಲ. ಜ್ಞಾನ ನಮಗೆ ಸಂಸ್ಕೃತದಿಂದ ಬಂದ ಪದ. ನಮ್ಮದೇ ಪದ ಅರಿವು, ಮಲಯಾಳದಲ್ಲೂ ಅರಿವ್. ಅದಕ್ಕೂ ಇಂಗ್ಲಿಷಿಗೂ ನೆಂಟಸ್ತಿಕೆ ಇಲ್ಲ. ಒಂದೇ ತೋಟದಲ್ಲಿ ಎರಡು ಬೇರೆ ಮರ.

ಬದಿಯಡ್ಕದ ತಮ್ಮಾ, ಕಣ್ಣಿಗೆ ಕೆಲಸ ಮಾಡುತ್ತದೆ ಅಂದೆಯಲ್ಲ, ಸರಿಯಾದ ಮಾತು. ನಾಬ್, ನಾಟ್, ನಕಲ್, ನೋಲ್ ಇವುಗಳಲ್ಲಿ ಇನ್ನೊಂದು ವಿಷಯವನ್ನೂ ನೋಡು. ಎಲ್ಲವೂ ಉಬ್ಬಿದ್ದು, ಗಂಟು ಗಂಟಾದದ್ದು. ಕೆ ಎನ್ ಶಬ್ದಕ್ಕೂ ಉಬ್ಬಿಗೂ ಆ ಕಡೆಯ ಭಾಷೆಗಳಲ್ಲಿ ಹಳೆಯ ನಂಟು. ನೀ ಮಾತ್ರ ಬೇರೆ ಬೇರಿನದ್ದು, ಮೊಣಕಾಲೂ ಉಬ್ಬೇ ಆದರೂ.

ಬೇಕಲದ ಹಡಗಿನವ

ನಾಟ್ ಬಗ್ಗೆ ಒಂದು ಸೇರಿಸುತ್ತೇನೆ. ನಾನು ಮರ್ಚೆಂಟ್ ನೇವಿಯಲ್ಲಿದ್ದೇನೆ. ಹಡಗಿನ ವೇಗವನ್ನು ನಾಟ್‌ನಲ್ಲಿ ಹೇಳುವುದು, ಒಂದು ನಾಟ್ ಅಂದ್ರೆ ಗಂಟೆಗೆ 1.852 ಕಿಲೋಮೀಟರ್. ಇದು ಬೇರೆ ಪದ ಅಂತ ತುಂಬಾ ಜನ ತಿಳಿದಿದ್ದಾರೆ. ಅಲ್ಲ, ಅದೇ ಹಗ್ಗದ ಗಂಟು. ಹಿಂದೆ ಹಗ್ಗಕ್ಕೆ ಸಮ ಸಮ ದೂರದಲ್ಲಿ ಗಂಟು ಹಾಕಿ, ತುದಿಗೆ ಮರದ ಹಲಗೆ ಕಟ್ಟಿ ಹಡಗಿನ ಹಿಂದಿನಿಂದ ನೀರಿಗೆ ಬಿಡುತ್ತಿದ್ದರು. ಹಲಗೆ ನೀರಲ್ಲಿ ನಿಲ್ಲುತ್ತದೆ, ಹಡಗು ಮುಂದೆ ಹೋಗುತ್ತದೆ, ಹಗ್ಗ ಬಿಚ್ಚಿಕೊಳ್ಳುತ್ತದೆ. ಮರಳಿನ ಗಡಿಯಾರ ಮುಗಿಯುವುದರೊಳಗೆ ಕೈಯಿಂದ ಎಷ್ಟು ಗಂಟು ಜಾರಿತು ಅಂತ ಎಣಿಸಿದರೆ ಅದೇ ವೇಗ. ಮಗಳಿಗೆ ಇದನ್ನು ಹೇಳಿ, ನಾಟ್‌ನ ಕೆ ಮರೆಯುವುದಿಲ್ಲ.

ಜರ್ಮನಿಯಲ್ಲಿರುವ ನರ್ಸ್, ಊರು ಮಂಜೇಶ್ವರ

ರಾತ್ರಿ ಡ್ಯೂಟಿ ಮುಗಿಸಿ ಬಂದು ಇದನ್ನು ಓದಿದೆ, ಬರೆಯದೆ ಮಲಗಲು ಮನಸ್ಸಾಗಲಿಲ್ಲ.

ಅಕ್ಕಾ, ನಿಮ್ಮ ಮಗಳಿಗೆ ಹೇಳಿ, ಆ ಕೆ ಇಲ್ಲಿ ಈಗಲೂ ಬದುಕಿದೆ. ನಾನು ಇರುವುದು ಮೂಳೆ ವಿಭಾಗದ ವಾರ್ಡಿನಲ್ಲಿ. ದಿನಕ್ಕೆ ಎಷ್ಟು ಸಲ ‘ಕ್ನೀ’ ಅಂತ ಹೇಳುತ್ತೇನೋ ಲೆಕ್ಕ ಇಲ್ಲ. ಜರ್ಮನ್‌ನಲ್ಲಿ ಮೊಣಕಾಲಿಗೆ ‘ಕ್ನೀ’ ಅಂತಲೇ, ಕೆ ಸ್ಪಷ್ಟ ಕೇಳಬೇಕು. ಕೇರಳದಲ್ಲಿ ನರ್ಸಿಂಗ್ ಓದುವಾಗ ನೀ ಜಾಯಿಂಟ್, ನೀ ಜಾಯಿಂಟ್ ಅಂತ ವರ್ಷಗಟ್ಟಲೆ ಹೇಳಿ ಅಭ್ಯಾಸ ಆಗಿತ್ತು. ಇಲ್ಲಿ ಬಂದ ಹೊಸದರಲ್ಲಿ ಒಬ್ಬ ವಯಸ್ಸಾದ ಪೇಷಂಟ್ ಹತ್ತಿರ ಮೊಣಕಾಲು ನೋಯುತ್ತದಾ ಅಂತ ಕೇಳಲು ಕೆ ಬಿಟ್ಟು ‘ನೀ’ ಅಂದೆ. ಅವರಿಗೆ ಅದು ‘ಎಂದೂ ಇಲ್ಲ’ ಅಂತ ಕೇಳಿಸಿತು, ಯಾಕಂದ್ರೆ ಇಲ್ಲಿ ಕೆ ಇಲ್ಲದ ‘ನೀ’ಗೆ ಅದೇ ಅರ್ಥ. ಅವರು ನನ್ನ ಕೈ ಹಿಡಿದು ತಮ್ಮ ಮೊಣಕಾಲಿನ ಮೇಲೆ ಇಟ್ಟು ‘ಕ್-ನೀ’ ಅಂತ ಎರಡು ಸಲ ಹೇಳಿಕೊಟ್ಟರು. ನಗಲಿಲ್ಲ. ನಿಮ್ಮ ಇಂಟರ್ವ್ಯೂ ವಿಷಯ ಓದಿದಾಗ ನನಗೆ ಅವರ ನೆನಪಾಯಿತು.

ನಮ್ಮವರಿಗೆ ಇದು ಕಷ್ಟ ಅಲ್ಲ, ಒತ್ತಕ್ಷರ ಹೇಳಿ ಅಭ್ಯಾಸ ಇದೆಯಲ್ಲ. ಗಂಟಿಗೆ ಇಲ್ಲಿ ‘ಕ್ನೋಟೆನ್’. ಹಿಟ್ಟು ನಾದುವುದಕ್ಕೆ ‘ಕ್ನೇಟೆನ್’. ಮೂಳೆಗೆ ‘ಕ್ನೋಖೆನ್’. ಅಂಗಿಯ ಗುಂಡಿಗೆ ‘ಕ್ನೋಪ್ಫ್’. ಮಾಷ್ಟ್ರು ಹೇಳಿದ ಉಬ್ಬು, ಗಂಟು ಇಲ್ಲೂ ಕಾಣುತ್ತದೆ ನೋಡಿ.

ನೈಟ್ ಮತ್ತು ನೇವ್ ಎರಡನ್ನೂ ಸೇರಿಸಿ ಯಾರೂ ಬರೆಯಲಿಲ್ಲ, ನನಗೆ ಬಹಳ ಇಷ್ಟವಾದ ಜೋಡಿ ಅದು. ಹಳೆಯ ಇಂಗ್ಲಿಷಿನಲ್ಲಿ ಎರಡಕ್ಕೂ ಒಂದೇ ಅರ್ಥ, ಹುಡುಗ. ಹುಡುಗ ಅಂದ್ರೆ ಮನೆಯಲ್ಲಿ ಚಾಕರಿ ಮಾಡುವ ಆಳು ಅಂತಲೂ ಆಯಿತು, ನಮ್ಮಲ್ಲೂ ಅಂಗಡಿಯಲ್ಲಿ ಐವತ್ತು ವರ್ಷದವರನ್ನೂ ‘ಹುಡುಗ’ ಅಂತ ಕರೆಯುತ್ತಾರಲ್ಲ, ಹಾಗೆ. ಆಮೇಲೆ ದಾರಿ ಬೇರೆಯಾಯಿತು. ರಾಜನ ಹಿಂದೆ ಯುದ್ಧಕ್ಕೆ ಹೋದ ಆಳು ನೈಟ್, ಅವನಿಗೆ ಕುದುರೆ, ಕತ್ತಿ, ಮರ್ಯಾದೆ ಎಲ್ಲ ಬಂತು. ಮನೆಯಲ್ಲೇ ಉಳಿದ ಆಳು ನೇವ್, ಅವನ ಹೆಸರಿಗೆ ಕಳ್ಳ, ಮೋಸಗಾರ ಅನ್ನುವ ಅರ್ಥ ಅಂಟಿತು. ಬಡವನ ಹೆಸರೇ ಬೈಗುಳವಾಯಿತು, ಓದುವಾಗ ನನಗೆ ಬೇಸರವಾಗಿತ್ತು. ಜರ್ಮನ್‌ನಲ್ಲಿ ಎರಡೂ ಇದ್ದ ಜಾಗದಲ್ಲೇ ಇವೆ: ‘ಕ್ನೆಖ್ಟ್’ ಅಂದ್ರೆ ಆಳು, ‘ಕ್ನಾಬೆ’ ಅಂದ್ರೆ ಹುಡುಗ, ಈಗ ಸ್ವಲ್ಪ ಹಳೆಯ ಮಾತು.

1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕನ್ನಡದ ದೊಡ್ಡ ನಿಘಂಟು ಮಾಡಿದ ಕಿಟೆಲ್, 1872ರಲ್ಲಿ ಮಲಯಾಳದ ನಿಘಂಟು ತಂದ ಗುಂಡರ್ಟ್, ಇಬ್ಬರೂ ಜರ್ಮನಿಯವರು. ನಮ್ಮ ಬಡಗಿನ ಮಂಗಳೂರಿನಲ್ಲಿ ಒಬ್ಬರು, ತೆಂಕಿನ ತಲಶ್ಶೇರಿಯಲ್ಲಿ ಒಬ್ಬರು ಇದ್ದವರು. ಅವರ ಬಾಯಲ್ಲಿ ಈ ಕೆ ನಮ್ಮ ಕರಾವಳಿಯಲ್ಲೂ ಕೇಳಿರಬೇಕು ಅಂತ ನನಗೆ ಆಗಾಗ ಅನಿಸುತ್ತದೆ.

ಬದಿಯಡ್ಕದ ಪಿಎಸ್‌ಸಿ ಹುಡುಗ

ನೇವ್ ಅಂದ್ರೆ ಇಸ್ಪೀಟಿನ ಜಾಕ್ ಕೂಡ! ಕನ್ನಡದಲ್ಲಿ ಅದಕ್ಕೆ ಗುಲಾಮ ಅನ್ನುತ್ತೇವೆ. ಈಗ ಅರ್ಥವಾಯಿತು, ಎರಡೂ ಕಡೆ ಆಳೇ. ನಮ್ಮಲ್ಲಿ ಆಡುವ ಇಪ್ಪತ್ತೆಂಟರಲ್ಲಿ ಮಾತ್ರ ಅವನೇ ಎಲ್ಲರಿಗಿಂತ ಮೇಲೆ, ಮೂರು ಪಾಯಿಂಟು, ರಾಜ ರಾಣಿಗೆ ಸೊನ್ನೆ.

ಮತ್ತೆ ಒಂದು ಸಂಶಯ. ಕೆ ಎನ್‌ನಿಂದ ಶುರುವಾದರೆ ಯಾವಾಗಲೂ ಕೆ ಬಿಡಬೇಕು ಅಂತ ಬರೆದುಕೊಳ್ಳಬಹುದಾ?

ಕುಂಬಳೆ ಮಾಷ್ಟ್ರು

ಇಂಗ್ಲಿಷಿನ ಹಳೆಯ ಪದಗಳಲ್ಲಿ ಬಿಡಬಹುದು. ಹೊರಗಿಂದ ಹೊಸದಾಗಿ ಬಂದ ಹೆಸರಿನಲ್ಲಿ ಕೆ ಹೇಳಬೇಕು. ಇಸ್ರೇಲಿನ ಪಾರ್ಲಿಮೆಂಟಿಗೆ ಕ್ನೆಸೆಟ್ ಅನ್ನುತ್ತಾರೆ, ಅಲ್ಲಿ ಕೆ ಕೇಳುತ್ತದೆ. ನಾಲೆಡ್ಜ್‌ನ ಹಿಂದೆ ಎ ಸಿ ಸೇರಿ ಅಕ್ನಾಲೆಡ್ಜ್ ಆದಾಗ ಮತ್ತೆ ‘ಕ್’ ಕೇಳುತ್ತದೆ, ಹಿಂದೆ ಒಂದು ಸ್ವರ ಸಿಕ್ಕಿದ್ದರಿಂದ ನಾಲಿಗೆಗೆ ಸುಲಭವಾಯಿತು. ಹಾಂ, ಮಕ್ಕಳು ಹಾಕುವ ನಿಕ್ಕರ್ ಕೂಡ ಕೆ ಎನ್ ಪದವೇ. ಡಚ್ಚರ ಒಂದು ಮನೆಹೆಸರಿನಿಂದ ಬಂದದ್ದು, ಅವರ ಬಾಯಲ್ಲಿ ಅದು ‘ಕ್ನಿ’ ಅಂತ ಶುರುವಾಗುತ್ತದೆ.

ನೀರ್ಚಾಲಿನವಳು, ಬ್ಯಾಂಕಿನಲ್ಲಿ ಕೆಲಸ

ನನ್ನದು ಬೇರೆ ಅಕ್ಷರದ ಪ್ರಶ್ನೆ. ಡೆಟ್, ಅಂದ್ರೆ ಸಾಲ, ಅದರಲ್ಲಿ ಬಿ ಇದೆ, ಓದುವುದಿಲ್ಲ. ಡೌಟ್‌ನಲ್ಲೂ ಬಿ. ಅವನ್ನೂ ಹಿಂದಿನ ಕಾಲದಲ್ಲಿ ಓದುತ್ತಿದ್ದರಾ? ದಿನಾ ಬರೆಯುವ ಪದ, ಕೇಳಬೇಕು ಅನಿಸಿತು.

ಕುಂಬಳೆ ಮಾಷ್ಟ್ರು

ಇಲ್ಲಮ್ಮಾ, ಅದರ ಕಥೆ ಬೇರೆ, ಮತ್ತು ಕೇಳಿದ್ದು ಒಳ್ಳೆಯದಾಯಿತು. ಆ ಬಿ ಇಂಗ್ಲಿಷರ ಬಾಯಲ್ಲಿ ಎಂದೂ ಇರಲಿಲ್ಲ. ಫ್ರೆಂಚಿನಿಂದ ಬರುವಾಗ ಅದು ‘ಡೆಟ್ಟೆ’, ಬರೆಯುವುದರಲ್ಲೂ ಬಿ ಇರಲಿಲ್ಲ. ಆಮೇಲೆ ಲ್ಯಾಟಿನ್ ಓದಿದ ಪಂಡಿತರು ಇದರ ಮೂಲ ‘ಡೆಬಿಟುಮ್’ ಅಲ್ಲವೇ, ಬಿ ಕಾಣಬೇಕು ಅಂತ ಬರವಣಿಗೆಗೆ ಸೇರಿಸಿದರು. ಡೌಟ್‌ಗೂ ಹಾಗೇ. ನೀವು ಪಾಸ್‌ಬುಕ್ಕಿನಲ್ಲಿ ಬರೆಯುವ ಡೆಬಿಟ್ ಅದೇ ಪದ, ಅಲ್ಲಿ ಬಿ ಕೇಳುತ್ತದೆ. ರಿಸೀಟ್‌ನ ಪಿ ಕೂಡ ಹಾಗೆ ಅಂಟಿಸಿದ್ದು, ರಿಸೆಪ್ಷನ್‌ನಲ್ಲಿ ಅದು ಕೇಳುತ್ತದೆ. ಹಾಗಾಗಿ ಮೂಕ ಅಕ್ಷರಗಳಲ್ಲಿ ಎರಡು ಬಗೆ. ನೀಯ ಕೆ ಬದುಕಿ ಬಾಳಿ ಸುಮ್ಮನಾದದ್ದು. ಡೆಟ್‌ನ ಬಿ ಮಾತಾಡಿದ್ದೇ ಇಲ್ಲ. ಸೈನ್ ಪದದ ಜಿ ಹುಡುಕಬೇಕಾದರೆ ಸಿಗ್ನಲ್ ಹೇಳಿ ನೋಡಿ, ಅಲ್ಲಿ ಸಿಗುತ್ತದೆ.

ಪೆರ್ಲದ ತಂಗೀ, ಕೆ ಎನ್ ಮುಗಿದ ಮೇಲೆ ಮಗಳಿಗೆ ಡಬ್ಲ್ಯೂ ಆರ್ ಪದಗಳನ್ನು ಕೊಡಿ. ಅದರಲ್ಲೂ ಡಬ್ಲ್ಯೂ ಒಂದು ಕಾಲದಲ್ಲಿ ಕೇಳುತ್ತಿತ್ತು. ರಿಸ್ಟ್ ಮಣಿಕಟ್ಟು, ಕೈ ತಿರುಗುವ ಜಾಗ. ರಿಂಗ್ ಬಟ್ಟೆ ಹಿಂಡುವುದು. ರಿಂಕಲ್ ಸುಕ್ಕು. ರೆಂಚ್ ತಿರುಚುವುದು, ರೆಸಲ್ ಕುಸ್ತಿ ಹಿಡಿಯುವುದು, ರಿಗಲ್ ಹುಳದ ಹಾಗೆ ಹೊರಳಾಡುವುದು. ಎಲ್ಲದರಲ್ಲೂ ಒಂದು ತಿರುಚು ಇದೆ. ರಾಂಗ್ ಅಂದ್ರೆ ತಪ್ಪು, ಅದಕ್ಕೂ ಮೊದಲಿನ ಅರ್ಥ ಸೊಟ್ಟ ಅಂತ. ರೈಟ್, ಅಂದ್ರೆ ಬರೆಯುವುದು, ಮಾತ್ರ ತಿರುಚಲ್ಲ, ಗೀರುವುದು. ನಮ್ಮ ಹಿರಿಯರು ತಾಳೆಗರಿಯಲ್ಲಿ ಕಂಟದಿಂದ ಗೀರಿ ಬರೆಯುತ್ತಿದ್ದರಲ್ಲ, ಅವರಿಗೂ ಬರೆಯುವುದು ಅಂದ್ರೆ ಗೀರುವುದೇ ಆಗಿತ್ತು.

ಪೆರ್ಲದ ಅಮ್ಮ

ಎಲ್ಲರಿಗೂ ಹೇಗೆ ಉಪಕಾರ ಹೇಳಬೇಕೋ ಗೊತ್ತಾಗುತ್ತಿಲ್ಲ. ನಿನ್ನೆ ಸಂಜೆ ಚಾ ಕುಡಿಯುತ್ತಾ ಇಡೀ ಓದಿ ಹೇಳಿದೆ. ‘ಜ್ಞಾನ’ ಬರೆಸಿ ಓದಲು ಹೇಳಿದಾಗ ಅವಳು ಒಂದು ಕ್ಷಣ ಸುಮ್ಮನೆ ಕೂತು, “ಇಷ್ಟು ದಿನ ಜ ಓದಲೇ ಇಲ್ಲ ನಾನು” ಅಂದಳು. ಆಮೇಲೆ ತಾನೇ ಮಲಯಾಳ ಪುಸ್ತಕ ತಂದು ಅದೇ ಅಕ್ಷರ ಹುಡುಕಿದಳು.

ಚಪಾತಿಗೆ ಹಿಟ್ಟು ನಾದುವಾಗ ಹತ್ತಿರ ನಿಂತು ನೀಡ್, ಕೆ-ಎನ್-ಇ-ಎ-ಡಿ ಅಂತ ಹೇಳುತ್ತಿದ್ದಳು. ಬಾಗಿಲು ಬಡಿದು ಮುಟ್ಟು, ಮೊಣಕಾಲು ತಟ್ಟಿ ಮುಟ್ಟು. 15ರಲ್ಲಿ 13 ಸರಿ ಬರೆದಿದ್ದಾಳೆ. ತಪ್ಪಿದ್ದು ನಕಲ್ ಮತ್ತು ನೋಲ್, ಎರಡರಲ್ಲೂ ಕೆ ಸರಿ ಇತ್ತು, ಆಮೇಲಿನ ಅಕ್ಷರಗಳು ತಪ್ಪಿದ್ದು. ನಾನೂ ಅವಳ ಜೊತೆ ಕೂತು ಜೋರಾಗಿ ಓದಿದೆ. ಬಹಳ ವರ್ಷದ ನಂತರ.

ಮಂಜೇಶ್ವರದ ತಂಗೀ, ಮಗಳಿಗೆ ಒಂದೇ ಆಸೆ. ‘ಕ್ನೀ’ ಅಂತ ನಿಜವಾಗಿ ಹೇಳುವವರ ಬಾಯಿಂದ ಕೇಳಬೇಕಂತೆ. ಡ್ಯೂಟಿ ಇಲ್ಲದ ದಿನ ಫೋನಿನಲ್ಲಿ ರೆಕಾರ್ಡ್ ಮಾಡಿ ಕಳಿಸುತ್ತೀರಾ?

ಜರ್ಮನಿಯಲ್ಲಿರುವ ನರ್ಸ್, ಊರು ಮಂಜೇಶ್ವರ

ಖಂಡಿತ ಅಕ್ಕಾ. ಶನಿವಾರ ನನಗೆ ರಜೆ. ಪಕ್ಕದ ಮನೆಯ ಅಜ್ಜಿ ಇದ್ದಾರೆ, ಅವರ ಹತ್ತಿರವೇ ಹೇಳಿಸುತ್ತೇನೆ. ಕ್ನೀ, ಕ್ನೋಟೆನ್, ಕ್ನೇಟೆನ್ ಮೂರೂ. ಆಮೇಲೆ ಮಗಳು ‘ಜ್ಞಾನ’ವನ್ನು ಕನ್ನಡದಲ್ಲಿ ಒಮ್ಮೆ, ಮಲಯಾಳದಲ್ಲಿ ಒಮ್ಮೆ ಹೇಳಿ ಕಳಿಸಲಿ, ಅಜ್ಜಿಗೆ ಕೇಳಿಸುತ್ತೇನೆ.